ಎರಡು ವೋಟು, ಒಂದು ಕೆಂಪು ಪೆನ್ಸಿಲ್

ನೆದರ್‌ಲ್ಯಾಂಡಿನ ರೈಸ್‌ವೈಕ್ ಪಕ್ಕದ ಊರಿನಲ್ಲಿ, ಮೈದಾನದಲ್ಲಿ ಮನೆ ಕಟ್ಟಬೇಕೋ ಬೇಡವೋ ಎಂದು ಜನರ ಮತ ಕೇಳಿದ್ದರು. ಧಾರವಾಡದ ಗೆಳತಿ ಶೈಲಾಳ ಜೊತೆ ಮತಗಟ್ಟೆಗೆ ಹೋದೆ. ಕೊರೋನಾ ಬಂದು ಮಹಡಿಯ ಕೋಣೆ ಸೇರಿದ್ದ ಅವಳ ಗಂಡ ತನ್ನ ಮತವನ್ನೂ ಅವಳಿಗೇ ಬರೆದುಕೊಟ್ಟಿದ್ದ. ಇಲ್ಲಿನ ಕಾನೂನು ಅದಕ್ಕೆ ಒಪ್ಪುತ್ತದಂತೆ. ಅವನಿಗೆ ಮನೆಗಳು ಬೇಕು, ಅವಳಿಗೆ ಮೈದಾನ. ಇದೇ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟಿದ್ದರು.

ಮತ ಹಾಕುವ ಮರೆಯಲ್ಲಿ ನಿಂತವಳ ಮೊಣಕೈ ಮೊದಲ ಚೀಟಿಗೆ ಚಟ್ಟನೆ ಅಲುಗಿತು. ಎರಡನೆಯದಕ್ಕೆ ಎಷ್ಟು ಹೊತ್ತಾದರೂ ಅಲುಗಲಿಲ್ಲ. ಸಾಲಿನಲ್ಲಿ ಯಾರಿಗೂ ಕೆಮ್ಮುವ ಧೈರ್ಯವಿರಲಿಲ್ಲ.

ಮತದ ಗುರುತು ಹಾಕಲು ಕೊಟ್ಟಿದ್ದ ಕೆಂಪು ಪೆನ್ಸಿಲನ್ನು ಸೋಂಕಿನ ಭಯಕ್ಕೆ ಮತಗಟ್ಟೆಯವರು ವಾಪಸು ಪಡೆಯಲಿಲ್ಲ. ಮನೆಗೆ ಬಂದವಳು ಅದನ್ನು ಗಂಜಿಯ ತಟ್ಟೆಯಲ್ಲಿಟ್ಟು ಗಂಡನ ಬಾಗಿಲ ಮುಂದಿರಿಸಿದಳು. ನಾನು ಮೆಟ್ಟಿಲ ಬಳಿ ನಿಂತಿದ್ದೆ.

"ನನ್ನ ವೋಟು ನಾ ಹೇಳಿದಂಗ ಹಾಕಿದಿಲ್ಲೊ?" ಅವನು ಒಳಗಿನಿಂದ ಕೇಳಿದ.

"ಗಂಜಿ ಆರಾಕತ್ತೈತ್ರಿ. ಮೊದ್ಲ ಉಣ್ರಿ."