ತಣ್ಣೀರಿನಲ್ಲಿ ಬಿಡುವ ಕೊಬ್ಬು

ಏಪ್ರಿಲ್ ಬಿಸಿಲಿನಲ್ಲೂ ಅವರು ಕಂದು ಬಣ್ಣದ ಉಣ್ಣೆ ಸ್ವೆಟರ್ ತೊಟ್ಟಿರುತ್ತಿದ್ದರು. ಎಡ ಮೊಣಕೈ ಬಳಿ ನೂಲು ಸವೆದು ರಂಧ್ರವಾಗಿತ್ತು. ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಕಲಿಸುತ್ತಿದ್ದ ಮೇಡಂ ಅವರು. ಪ್ರಯೋಗಾಲಯದ ಹಿಂದಿನ ತಣ್ಣನೆಯ ಕೋಣೆಯಲ್ಲೇ ಅವರ ಹೆಚ್ಚಿನ ಹೊತ್ತು ಕಳೆಯುತ್ತಿತ್ತು. ಎಂ.ಎಸ್ಸಿ. ಮುಗಿಸಿ ನಾನು ಸಂಶೋಧನೆಗೆ ಸೇರಿದ್ದು ಅವರ ಬಳಿಯೇ.

ಎಲ್ಲರೂ ಸೂಕ್ಷ್ಮಾಣುಗಳನ್ನು ಬೆಚ್ಚಗಿಟ್ಟು ಬೆಳೆಸಿದರೆ, ಮೇಡಂ ಚಳಿಯಲ್ಲಿ ಬೆಳೆಯುವವನ್ನು ಹುಡುಕುತ್ತಿದ್ದರು. ಕೊಬ್ಬನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವನ್ನು ಅಂಥವುಗಳಿಂದ ತೆಗೆದರೆ ಅದು ತಣ್ಣೀರಿನಲ್ಲೂ ಕೆಲಸ ಮಾಡುತ್ತದೆ ಎಂಬುದು ಅವರ ನಂಬಿಕೆ. ಅದಕ್ಕಾಗಿ ಡಿಸೆಂಬರ್ ಬೆಳಗುಗಳಲ್ಲಿ ಕಲ್ಯಾಣಮಂಟಪಗಳ ಹಿಂದಿನ ಚರಂಡಿಗೆ ಹೋಗಿ ಜಿಡ್ಡುಮಣ್ಣು ಕೆರೆದು ತರುತ್ತಿದ್ದೆವು. ಮೊದಲ ದಿನ ನಾನು ಮೂಗಿಗೆ ದುಪಟ್ಟಾ ಒತ್ತಿಕೊಂಡೆ. ಮೇಡಂ ಮೆಲ್ಲಗೆ ಹೇಳಿದರು: “ಬೇಡ ಕಣಮ್ಮ. ಇಲ್ಲೇ ಕೂತು ಕೆಲಸ ಮಾಡೋರು ನೋಡ್ತಿರ್ತಾರೆ.”

ಅವರ ತಾಯಿ ಚಿಂತಾಮಣಿಯ ಛತ್ರವೊಂದರಲ್ಲಿ ಪಾತ್ರೆ ತೊಳೆದು ಮಗಳನ್ನು ಓದಿಸಿದವರು. ಬೀಗರೂಟ ಮುಗಿದ ಮೇಲೆ ಹಂಡೆಗಳಿಗೆ ಮಟನ್ ಕೊಬ್ಬು ಮೇಣದಂತೆ ಕಟ್ಟಿಕೊಳ್ಳುತ್ತಿತ್ತಂತೆ. “ಸೌದೆ ಎಲ್ಲ ಅಡುಗೆಗೇ ಹೋಗೋದು. ನಮ್ಮಮ್ಮಂಗೆ ತಣ್ಣೀರು, ಸೋಡಾ ಪುಡಿ. ರಾತ್ರಿ ನನಗೆ ತಲೆ ಬಾಚೋಕೆ ಬಂದ್ರೆ ಬೆರಳಿನ ಸೀಳಿಗೆ ಕೂದಲು ಸಿಕ್ಕೊಳ್ತಿತ್ತು,” ಎಂದಿದ್ದರು. ಮನೆ ವಿಷಯ ಅಷ್ಟು ಬಿಡಿಸಿ ಹೇಳಿದ್ದು ಅದೊಂದೇ ಸಲ.

ಕೊನೆಗೊಂದು ಸೂಕ್ಷ್ಮಾಣು ಸಿಕ್ಕಿತು. ಕೊಬ್ಬು ಬೆರೆಸಿ ಹಾಲಿನಂತೆ ಬೆಳ್ಳಗಿದ್ದ ಪ್ರಯೋಗದ ತಟ್ಟೆಯಲ್ಲಿ ಅದರ ಸುತ್ತ ಮಾತ್ರ ಕೊಬ್ಬು ಒಡೆದು ಗಾಜಿನಂಥ ತಿಳಿ ವೃತ್ತ ಮೂಡಿತ್ತು. ಅದನ್ನು ಬೆಳೆಸಿ, ಸೋಸಿದ ದ್ರವವನ್ನು ನಾವು ಚರಂಡಿಮಣ್ಣು ತಂದಿದ್ದ ಕಲ್ಯಾಣಮಂಟಪಕ್ಕೇ ಒಯ್ದೆವು. ಜಿಡ್ಡುಗಟ್ಟಿದ ತಟ್ಟೆಗಳು ತಣ್ಣೀರಿನಲ್ಲೇ ಶುಭ್ರವಾದವು. ಪಾತ್ರೆ ತೊಳೆಯುವ ಹೆಂಗಸರಲ್ಲಿ ಹಿರಿಯಳಾದ ಅಕ್ಕ ತಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, “ಇದು ಬಂದ್ರೆ ನಮ್ ಕೈ ಉಳೀತವೆ ಕಣಮ್ಮ,” ಎಂದಳು. “ಬರುತ್ತೆ ಅಕ್ಕ,” ಎಂದು ಮೇಡಂ ಅವಳ ಕೈ ಹಿಡಿದುಕೊಂಡರು.

ಮರುವಾರ ಅದೇ ದ್ರವವನ್ನು ಕುದಿಸಿ ಪರೀಕ್ಷಿಸಿದೆವು. ಕುದಿಸಿದರೆ ಕಿಣ್ವ ಸಾಯುತ್ತದೆ. ಜಿಡ್ಡು ಹಾಗೇ ಉಳಿಯಬೇಕಿತ್ತು. ಉಳಿಯಲಿಲ್ಲ. ಸೂಕ್ಷ್ಮಾಣುವಿನ ಆಹಾರದಲ್ಲಿ ಎಣ್ಣೆ ಬೆರೆಯಲೆಂದು ಹಾಕಿದ್ದ ಸೋಪಿನಂಥ ರಾಸಾಯನಿಕವೇ ತಟ್ಟೆ ತೊಳೆದಿತ್ತು. ಮೇಡಂ ಸ್ಟೂಲಿನ ಮೇಲೆ ಕುಳಿತು ಆ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇನ್ನೂ ಎಲ್ಲೂ ಪ್ರಕಟಿಸಿಲ್ಲವಲ್ಲ ಮೇಡಂ, ಯಾರಿಗೂ ಗೊತ್ತಾಗಲ್ಲ,” ಎಂದರು ಜೊತೆಯ ಅಧ್ಯಾಪಕರೊಬ್ಬರು.

“ಆ ಅಕ್ಕಂಗೆ ಹೇಳಿ ಬಂದಿದೀನಲ್ಲ ಸಾರ್,” ಎಂದು ಮೇಡಂ ಎದ್ದರು.

ಅಂದೇ ಹೋದೆವು. ಅಕ್ಕ ಹಂಡೆಯೊಳಗೆ ಬಗ್ಗಿ ಉಜ್ಜುತ್ತಿದ್ದಳು. ಮೇಡಂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, “ಅವತ್ತು ಹೇಳಿದ್ದು ತಪ್ಪಾಯ್ತಕ್ಕ. ಜಿಡ್ಡು ಬಿಡಿಸಿದ್ದು ನಮ್ಮ ಔಷಧಿ ಅಲ್ಲ, ಅದರಲ್ಲಿದ್ದ ಸೋಪು,” ಎಂದರು. ಅಕ್ಕ ಕೈ ಕೊಡವಿ ಅವರತ್ತ ತಿರುಗಿದಳು. “ಪೋನೀಲೇಮ್ಮಾ,” ಎಂದಳು ತೆಲುಗಿನಲ್ಲಿ. “ಹೋಗ್ಲಿ ಬಿಡು. ಇನ್ನೊಂದ್ಸಲ ನೋಡು.”

ಮತ್ತೆ ಮೊದಲಿಂದ ಶುರುವಾಯಿತು. ಆ ರಾಸಾಯನಿಕವಿಲ್ಲದೆ ಬೆಳೆಸಿದೆವು. ಈ ಸಲ ಕೆಲಸ ಮಾಡಿದ್ದು ಕಿಣ್ವವೇ. ಆದರೆ ನಿಧಾನ. ತೆಳು ಜಿಡ್ಡು ಬಿಡುತ್ತಿತ್ತು, ಗಟ್ಟಿ ಕೊಬ್ಬು ಅರ್ಧ ಉಳಿಯುತ್ತಿತ್ತು. ಅಷ್ಟರಲ್ಲಿ ಮೇಡಂಗೆ ಕಾಯಿಲೆ ಬಂತು. ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನನ್ನು ಹತ್ತಿರ ಕರೆದು, “ನನ್ನ ಖುಷಿಗೆ ಅಂತ ಅವಸರ ಮಾಡಬೇಡ ಕಣೇ,” ಎಂದರು. ಮತ್ತೆ ಅವರ ಮಾತು ಕೇಳುವ ಅವಕಾಶ ನನಗೆ ಸಿಗಲಿಲ್ಲ.

ಮಂಡಿಕಲ್ ಕಡೆಯ ಅವರ ಹಳ್ಳಿಯಲ್ಲಿ ಅಂತ್ಯಕ್ರಿಯೆ ನಡೆಯಿತು. ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ, ಮನೆಯವರು ‘ಬುದ್ಧಂ ಶರಣಂ ಗಚ್ಛಾಮಿ’ ಎಂದು ತ್ರಿಶರಣ ಹೇಳಿದರು. ಕಲ್ಯಾಣಮಂಟಪದ ಅಕ್ಕ ಬಸ್ಸಿನಲ್ಲಿ ಬಂದಿದ್ದಳು. ಎಲ್ಲ ಮುಗಿದು ಹೊರಡುವಾಗ ನನ್ನ ಪಕ್ಕ ಬಂದು ನಿಂತಳು.

“ಆ ಕೆಲಸ ಇನ್ನು ಯಾರು ಮಾಡ್ತಾರಮ್ಮ?”

“ನಾನು ಮಾಡ್ತೀನಕ್ಕ.”

“ಆಗ್ತದಾ?”

ಆಗುತ್ತೆ ಎಂಬ ಮಾತು ಬಾಯಿಗೆ ಬಂದಿತ್ತು. ಅತ್ತು ಊದಿಕೊಂಡ ಅವಳ ಮುಖ ನೋಡಿದರೆ ಅದನ್ನೇ ಹೇಳಬೇಕು ಅನ್ನಿಸುತ್ತಿತ್ತು.

“ಇನ್ನೂ ಗೊತ್ತಿಲ್ಲಕ್ಕ,” ಎಂದೆ.

ಅವಳು ತಲೆಯಾಡಿಸಿದಳು. ಗೊತ್ತಿಲ್ಲ ಎಂಬ ಮಾತನ್ನು ತಲೆ ತಗ್ಗಿಸದೆ ಹೇಳುವುದನ್ನು ನಾನು ಕಲಿತದ್ದು ಮೇಡಂ ಅವರಿಂದ.