ತೋಟದ ಕಡೆ ಯಾರಿದ್ದೀರಿ?

ಹೊರಗೆ ನವೆಂಬರಿನ ಮಂಜು, ಇನ್ನೂ ಬೆಳಕು ಹರಿದಿಲ್ಲ. ಬೆಲ್‌ರೀವ್ ಅರಮನೆಯ ಪುಟ್ಟ ರಂಗಮಂದಿರದ ಅಟ್ಟದಲ್ಲಿ ಸೊಲಾಂಜ್ ಕೆರ್ವಾದೆಕ್ ಸೂರಿನಿಂದ ಇಳಿಬಿದ್ದ ಸೆಣಬಿನ ಎಳೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಸವರಿ ನೋಡುತ್ತಿದ್ದಾರೆ. ತೇವ ಕುಡಿದ ಎಳೆ ರಾತ್ರಿಯಿಡೀ ಬಿಗಿದುಕೊಂಡಿರುತ್ತದೆ, ಅದನ್ನು ಸಡಿಲಿಸಬೇಕು. ವೇದಿಕೆಯ ಆಚೆ ಬದಿಗೆ ಹೋಗುವ ತೆಳ್ಳನೆಯ ಎಳೆಯೊಂದನ್ನು ಮಾತ್ರ ಮೆಲ್ಲಗೆ ಒಮ್ಮೆ ಜಗ್ಗಿ ಕಾಯುತ್ತಾರೆ. ಏನೂ ಆಗುವುದಿಲ್ಲ. "ನಡೀರಿ, ಕಾಫಿ ಕುಡಿಯೋಣ" ಎಂದು, ಅವರ ಬಗ್ಗೆ ಬರೆಯಲು ಬಂದ ನನಗೆ ಅನ್ನುತ್ತಾರೆ.

ಇಲ್ಲಿಗೆ ಬರುವ ಜನ ರಾಜನ ಮಂಚ ನೋಡುತ್ತಾರೆ, ಬಾಯಿ ತೆರೆದುಕೊಂಡು ಛಾವಣಿಯ ಚಿತ್ರ ನೋಡುತ್ತಾರೆ. ಅಟ್ಟದಲ್ಲೊಬ್ಬ ಹೆಂಗಸು ಇದ್ದಾಳೆಂಬುದು ಯಾರಿಗೆ ಬೇಕು? ಬೇಟೆಯ ಹುಚ್ಚಿಗೆ ರಾಜ ಕಟ್ಟಿಸಿದ ಅರಮನೆ ಇದು, ಬೇಸರ ಕಳೆಯಲು ರಾಣಿ ಮಾಡಿಸಿಕೊಂಡ ರಂಗಮಂದಿರ. ಹಾಲು ಮಾರುವವಳ ವೇಷ ಹಾಕಿ ರಾಣಿಯೇ ಹಾಡುತ್ತಿದ್ದಳಂತೆ. ಚಪ್ಪಾಳೆಗೆ ಮನೆಯವರು, ಆಳುಕಾಳು. ಫ್ರೆಂಚ್ ಕ್ರಾಂತಿಯಲ್ಲಿ ಬಾಗಿಲ ಚಿಲಕದವರೆಗೆ ಎಲ್ಲ ಹರಾಜಾಯಿತು. ರಂಗಮಂದಿರದ ಚಿನ್ನ ಬರೀ ಕಾಗದದ ಮೇಲಿನ ಬಣ್ಣವೆಂದು ತಿಳಿದು ಯಾರೂ ಮುಟ್ಟಲಿಲ್ಲ, ಹಾಗಾಗಿ ಉಳಿಯಿತು. ಮುಂದೆ ಬಂದ ಚಕ್ರವರ್ತಿ ಪಕ್ಕದಲ್ಲೇ ದೊಡ್ಡ ರಂಗಮಂದಿರವೊಂದಕ್ಕೆ ಕೈಹಾಕಿದ. ಯುದ್ಧ ಬಂತು, ಕೆಲಸ ಅರ್ಧಕ್ಕೇ ನಿಂತಿತು. ಸೂರಿಲ್ಲದ ಆ ಗೋಡೆಗಳ ನಡುವೆ ಈಗ ಪಾರಿವಾಳಗಳದ್ದೇ ಆಟ.

ಇಲ್ಲಿನ ರಂಗದವರ ಬಾಯಲ್ಲಿ ಎಡ, ಬಲ ಇಲ್ಲ. ಪ್ಯಾರಿಸ್ಸಿನ ತ್ವಿಲರಿ ಅರಮನೆಯ ರಂಗಮಂದಿರಕ್ಕೆ ಒಂದು ಬದಿ ತೋಟ, ಇನ್ನೊಂದು ಬದಿ ಅಂಗಳ ಇತ್ತು. ಆ ಅರಮನೆ ಸುಟ್ಟು ಹೋಗಿ ನೂರೈವತ್ತು ವರ್ಷವಾದರೂ ಇವರು ತೋಟದ ಕಡೆ, ಅಂಗಳದ ಕಡೆ ಎಂದೇ ಅನ್ನುತ್ತಾರೆ. ಸೊಲಾಂಜ್ ಅಂಗಳದ ಕಡೆಯವರು. ತೋಟದ ಕಡೆ ಮೆದಾರ್ ತಾಂಗಿ ಇದ್ದರು. ಇಬ್ಬರೂ ಬ್ರೆತಾಞ್ ಕರಾವಳಿಯ ಮೀನುಗಾರರ ಮನೆಯವರು, ಹಡಗಿನ ಗಂಟು ಬಲ್ಲವರು.

ಇಬ್ಬರ ನಡುವೆ, ನಾಟಕಕ್ಕೆಂದು ಹಲಗೆ, ಬಟ್ಟೆಯಲ್ಲಿ ಮಾಡಿದ ದೊಡ್ಡ ಮೋಡವೊಂದು ತೂಗುತ್ತದೆ. ಅದನ್ನು ಎರಡೂ ಕಡೆಯಿಂದ ಒಟ್ಟಿಗೆ ಇಳಿಸಬೇಕು, ಇಲ್ಲದಿದ್ದರೆ ವಾಲುತ್ತದೆ. ಒಬ್ಬರಿಗೊಬ್ಬರು ಕಾಣುವುದಿಲ್ಲ. ಇವರು ತೆಳ್ಳನೆಯ ಎಳೆ ಒಮ್ಮೆ ಜಗ್ಗಿದರೆ "ಇದ್ದೀಯಾ?" ಎಂದರ್ಥ. ಆ ಕಡೆಯಿಂದ ಜಗ್ಗಿದರೆ "ಇದ್ದೀನಿ". ಆಮೇಲಷ್ಟೇ ಕೈ ಸಡಿಲ ಬಿಡುವುದು.

"ಮೂವತ್ತು ವರ್ಷ, ಕೆಲಸದ ಹೊತ್ತಲ್ಲಿ ಅವನ ಮುಖ ನೋಡಿಲ್ಲ ನಾನು" ಅನ್ನುತ್ತಾರೆ ಸೊಲಾಂಜ್. "ಹಿಂದಿನ ದಿನ ಕುಡಿದಿದ್ದಾನೋ, ಹೆಂಡ್ತಿ ಜೊತೆ ಕಿತ್ತಾಡಿದ್ದಾನೋ, ಜಗ್ಗೋದ್ರಲ್ಲೇ ಗೊತ್ತಾಗೋದು."

ಅಟ್ಟದ ಧೂಳು ಮೆದಾರ್ ಶ್ವಾಸಕೋಶ ತಿಂದುಹಾಕಿತು. ಕಳೆದ ವಸಂತದಲ್ಲಿ ತೀರಿಕೊಂಡರು. ರಂಗಮಂದಿರದಲ್ಲಿ ಆಡಬಾರದ ಪದವೊಂದಿದೆ. ನೂಲು ಅನ್ನಿ, ಎಳೆ ಅನ್ನಿ, ಅದು ಮಾತ್ರ ಬೇಡ. ಆ ಹೆಸರಿನದು ಇಲ್ಲಿರುವುದು ಒಂದೇ, ಬೆಂಕಿ ಬಿದ್ದಾಗ ಬಾರಿಸುವ ಗಂಟೆಗೆ ಕಟ್ಟಿದ್ದು. ಬಾಯಿ ತಪ್ಪಿ ಆಡಿದವರು ಎಲ್ಲರಿಗೂ ವೈನ್ ಕುಡಿಸಬೇಕು. ಮೆದಾರ್ ಅವರನ್ನು ಮಣ್ಣು ಮಾಡುವ ದಿನ ಪೆಟ್ಟಿಗೆ ಇಳಿಸುತ್ತಿದ್ದವನೊಬ್ಬ, ಪಾಪ, ಗೊತ್ತಿಲ್ಲದೆ "ಹಗ್ಗ ಬಿಡ್ರೋ" ಎಂದುಬಿಟ್ಟ. ರಂಗದವರೆಲ್ಲ ಬೆಚ್ಚಿ ತಿರುಗಿದರು.

"ಅವನ ಬದಲು ನಾನೇ ಕುಡಿಸ್ದೆ. ಮೆದಾರ್ ಇದ್ದಿದ್ರೆ ಎರಡು ಸುತ್ತು ವಸೂಲಿ ಮಾಡ್ತಿದ್ದ" ಎಂದು ನಗುತ್ತಾರೆ. ನಗು ಅಲ್ಲೇ ನಿಲ್ಲುತ್ತದೆ. "ಪೆಟ್ಟಿಗೆ ತಲೆ ಕಡೆ ವಾಲ್ತು ಕಣಪ್ಪಾ. ಆ ಮನುಷ್ಯ ಒಂದು ದಿನ ಮೋಡ ವಾಲಕ್ಕೆ ಬಿಟ್ಟೋನಲ್ಲ."

ತೋಟದ ಕಡೆಗೆ ಯಾರೂ ಸಿಗಲಿಲ್ಲ. ಬಂದ ಇಬ್ಬರಲ್ಲಿ ಒಬ್ಬನಿಗೆ ಎತ್ತರ ಆಗಿಬರಲಿಲ್ಲ, ಇನ್ನೊಬ್ಬಳಿಗೆ ಸಂಬಳ. ಆಡಳಿತದವರು ಕೈಚೆಲ್ಲಿದರು. ಮೋಡವನ್ನು ಇಳಿಸಿ ಗಾಜಿನ ಹಿಂದೆ ಇಡುತ್ತಾರಂತೆ, ಇನ್ನು ಮೇಲೆ ಏನೂ ಅಲುಗುವುದಿಲ್ಲ. ಇಳಿಸಲು ನಾಳೆ ಮೋಟಾರು ಬರುತ್ತದೆ. ಇವತ್ತು ಕೈಯಲ್ಲೇ ಇಳಿಸುತ್ತೇನೆಂದು ಸೊಲಾಂಜ್ ಹಟ ಹಿಡಿದಿದ್ದಾರೆ. "ಇನ್ನೊಬ್ಬರು ಸಿಕ್ಕರೆ ಆಗಲಿ" ಎಂದಿದ್ದಾರೆ ಮೇಲಿನವರು. ಗೇಟು ಕಾಯುವ ಬಜೀಲ್‌ಗೆ ಮಂಡಿನೋವು, ಅಟ್ಟ ಹತ್ತಲಾರ. 

ಸೊಲಾಂಜ್ ಕಾಫಿ ಲೋಟ ಕೆಳಗಿಟ್ಟು ನನ್ನನ್ನು ಅಳೆಯುವಂತೆ ನೋಡುತ್ತಾರೆ. "ಪೆನ್ನು ಹಿಡಿದ ಕೈ. ಏನಕ್ಕಾಗುತ್ತೋ ಕಾಣೆ. ಎದ್ದೇಳಿ."

"ಬೀಳಿಸಿಬಿಟ್ಟರೆ?"

"ಬೀಳಲ್ಲ, ಎದುರು ತೂಕಕ್ಕೆ ಕಲ್ಲು ಕಟ್ಟಿದೆ. ವಾಲುತ್ತೆ ಅಷ್ಟೆ. ನಂಗೆ ಬೇರೇನೂ ಬೇಡಪ್ಪಾ, ಅದು ನೆಟ್ಟಗೆ ನೆಲ ಮುಟ್ಲಿ."

ಮೆದಾರ್ ನಿಲ್ಲುತ್ತಿದ್ದ ಜಾಗದಲ್ಲಿ ಹಲಗೆ ಎರಡು ಪಾದಗಳಷ್ಟಗಲ ಸವೆದಿದೆ. ಅಲ್ಲೇ ನಿಲ್ಲುತ್ತೇನೆ. ಎದುರಿಗೆ ಮೋಡದ ಬೆನ್ನು, ಅದರಾಚೆ ಏನೂ ಕಾಣದು. ಕೈಯಲ್ಲಿದ್ದ ತೆಳ್ಳನೆಯ ಎಳೆ ಒಮ್ಮೆ ಮೆಲ್ಲಗೆ ಜಗ್ಗುತ್ತದೆ. ನಾನೂ ಜಗ್ಗುತ್ತೇನೆ.

ಮೋಡ ಅಲುಗುವುದಿಲ್ಲ. ನಾನು ಏನೋ ತಪ್ಪು ಮಾಡಿದೆ ಅಂದುಕೊಳ್ಳುತ್ತೇನೆ.

"ಅವನಿಗಿಂತ ಸ್ವಲ್ಪ ಜೋರಾಯ್ತು" ಎಂಬ ದನಿ ಕೊನೆಗೆ ಆ ಕಡೆಯಿಂದ ಬರುತ್ತದೆ. "ಇರಲಿ. ಇಳಿಸೋಣ."