ಗುಡ್ಡದ ಮೇಲೆ ಗಾಳಿ ಬರೆದದ್ದು

ಚಿತ್ತ ಮಳೆ ಹುಟ್ಟಿದ ದಿನದಿಂದ ನಾನು ಪ್ರತಿ ಸಂಜೆ ಕೊಂಡ್ಲಹಳ್ಳಿಯ ನಮ್ಮ ಮನೆಯ ಹಿಂದಿನ ಗುಡ್ಡ ಹತ್ತಿ, ಆಕಾಶ ನೋಡಿ ಒಂದು ಪುಟ್ಟ ಪದ್ಯ ಬರೆಯುತ್ತಿದ್ದೆ. ಪದ್ಯದ ಮೇಲೆ ದಿನ, ಗಂಟೆ, ಗಾಳಿ ಯಾವ ಕಡೆಯಿಂದ, ಮೋಡ ಎಷ್ಟು ಎಂದು ಗುರುತು ಹಾಕುವುದು ನನ್ನ ರೂಢಿ. ಮೊದಲ ದಿನದ್ದು ಇದು:

ಗಾಳಿ ಮೂಡಣದಿಂದ, ಜೋರು. ಮೋಡ ಇಲ್ಲ.
ಮಳೆ ಬರಲಿಲ್ಲ, ಆದರೂ
ತೊಳೆದಂತಿದೆ ಆಕಾಶ.
ಯಾರು ತೊಳೆದರು, ಯಾವಾಗ?

ಈ ಕಾಲದ ಆಕಾಶವನ್ನು ನಾನು ಪೂರ್ತಿ ನಂಬುವುದಿಲ್ಲ. ಬೆಳಿಗ್ಗೆ ನೀಲಿ ತೋರಿಸುತ್ತದೆ. ಶೇಂಗಾ ಕಿತ್ತು ಒಣಗಲು ಹರವಿದ ಮೇಲೆ ಮೋಡ ತರುತ್ತದೆ. ಐದನೇ ದಿನ ಬರೆದೆ:

ಪಡುವಣದಲ್ಲಿ ಒಂದೇ ಮೋಡ.
ಯಾರಿಗೋ ಕಾಯುತ್ತಿದೆ,
ಹೆಸರು ಹೇಳುವುದಿಲ್ಲ.

ಅಷ್ಟರಲ್ಲಿ ನನ್ನನ್ನು ಒಬ್ಬರು ಗಮನಿಸುತ್ತಿರುವುದು ಗೊತ್ತಾಯಿತು. ಆ ಗುಡ್ಡದಲ್ಲಿ ಕುರಿ ಮೇಯಿಸುವ ಮುದುಕರು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಕುರಿಗಿಂತ ಹೆಚ್ಚು ನನ್ನನ್ನೇ ನೋಡುತ್ತಿದ್ದರು. ಆರನೇ ದಿನ ಎಣಿಸಿದೆ: ಅರ್ಧ ಗಂಟೆಯಲ್ಲಿ ಒಂಬತ್ತು ಸಲ. ಏಳನೇ ದಿನ ಹದಿನಾಲ್ಕು. ಅವ್ವನಿಗೆ ಹೇಳಿದೆ.

"ನೀನೂ ಹದಿನಾಲ್ಕು ಸಲ ನೋಡಿದ್ಕೇ ಅಲ್ವೇನೆ ಗೊತ್ತಾಗಿದ್ದು?" ಅಂದಳು ಅವ್ವ.

ಎಂಟನೇ ದಿನ ಮುದುಕರು ನೇರ ನನ್ನ ಹತ್ತಿರ ಬಂದರು.

"ಯಾವ ಕಂಪ್ನಿ ನಿಂದು?"

"ಕಂಪ್ನಿ ಇಲ್ಲ ತಾತ. ನಾನು ಇದೇ ಊರೋಳು."

"ಊರೋರ್ನೇ ಇಟ್ಕೊಂತಾರೆ ಅವ್ರು, ಪಗಾರ ಕೊಟ್ಟು. ಆಚೆ ಗುಡ್ಡಕ್ಕೂ ಒಬ್ಬ ಹಿಂಗೇ ಬರ್ತಿದ್ದ. ಗಾಳಿ ನೋಡೋನು, ಬರ್ಕೊಳ್ಳೋನು. ಈಗ ಅಲ್ಲಿ ಕರೆಂಟ್ ಮಾಡೋ ಗಾಳಿ ಫ್ಯಾನು ನಿಂತವೆ, ಸುತ್ತ ತಂತಿ ಬೇಲಿ ಐತೆ. ಕುರಿ ಬಿಡಂಗಿಲ್ಲ. ನಂಗೆ ಉಳಿದಿರೋದು ಇದೊಂದೇ ಗುಡ್ಡ. ಓದು, ಏನು ಬರ್ದೀಯ."

ಮೊದಲಿನಿಂದ ಓದಿದೆ.

"ಗಾಳಿ ಯಾಕೆ ಬರ್ದೆ?"

"ಸುಮ್ನೆ, ತಾತ."

"ಸುಮ್ನೆ ಯಾರು ಗಾಳಿ ಬರೀತಾರೆ? ಅವತ್ತು ಮಳೆ ಬರ್ಲಿಲ್ಲ ಅಂತ ಬೇರೆ ಬರ್ದೀಯ. ಬಂತು. ನೀ ಇಳಿದು ಹೋದ್ಮೇಲೆ ನಾಕು ಹನಿ ಬಿತ್ತು."

ಹಿಂದಿನ ದಿನದ ಪದ್ಯ ಓದದೆ ಬಿಡಬಹುದಿತ್ತು. ಆದರೆ ಪುಟ ಮಗುಚಿದ್ದನ್ನು ಅವರು ಕಂಡಿದ್ದರು.

ಮೂವತ್ತೇಳು ಕುರಿ ತಲೆ ಬಗ್ಗಿಸಿವೆ.
ತಲೆ ಎತ್ತಿರುವವರು ಇಬ್ಬರು;
ಆಕಾಶ ನೋಡುವವರು ಯಾರೂ ಇಲ್ಲ.

ಅವರ ಮುಖ ಬಿಗಿದುಕೊಂಡಿತು. "ನನ್ ಕುರಿ ಯಾಕೆ ಎಣಿಸ್ದೆ? ನನ್ ಹೆಂಡ್ತಿಗೇ ನಾ ಲೆಕ್ಕ ಹೇಳಿಲ್ಲ."

ನನ್ನದೇ ತಪ್ಪು. ಕುರಿಯವರನ್ನು ಎಷ್ಟಿವೆ ಎಂದು ಕೇಳಿದರೆ "ಅವೆ ಒಂದಿಷ್ಟು" ಎನ್ನುತ್ತಾರೆ. ಎಣಿಸಿದರೆ ದೃಷ್ಟಿಯಾಗುತ್ತದೆ ಎಂಬುದು ಇಲ್ಲಿ ಹುಟ್ಟಿದ ನನಗೆ ಗೊತ್ತಿರಬೇಕಿತ್ತು. ಆ ಸಂಖ್ಯೆಯ ಮೇಲೆ ಗೆರೆ ಎಳೆದೆ.

"ಗೀಟು ಹೊಡ್ದಿದ್ದು ಅದಕ್ಕೇನಾ? ನಂಗೆ ಓದಾಕೆ ಬರಲ್ಲ, ಅದು ನಿಂಗೂ ಗೊತ್ತು. ಹಾಳೇನೇ ಹರ್ದು ಕೊಡು."

ಹರಿದು ಕೊಟ್ಟೆ. ಅದಕ್ಕೂ ಹಿಂದಿನ ಆರು ದಿನದ ಹಾಳೆಗಳನ್ನೂ ಕೇಳಿದರು, ಕೊಟ್ಟೆ. ಎಲ್ಲವನ್ನೂ ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡರು.

ಮರುದಿನ ಹಾಳೆಗಳನ್ನು ತಂದು ಕೈಗಿಟ್ಟರು. "ಮೊಮ್ಮಗಳ ಕೈಲಿ ಓದಿಸ್ದೆ. ನೀ ಓದಿದ್ದೇ ಐತೆ."

"ಹಂಗಾದ್ರೆ ನಂಬಿಕೆ ಬಂತಾ ತಾತ?"

"ಬಂದಿಲ್ಲ. ಆಚೆ ಗುಡ್ಡದೋನೂ ಚಂದಾಗೇ ಮಾತಾಡ್ತಿದ್ದ. ಬರೀಬೇಕು ಅಂದ್ರೆ ಆ ಕೆಳಗಿನ ಬಂಡೆ ಮೇಲೆ ಕೂತ್ಕೊ. ನಂಗೆ ಕಾಣ್ತಿರ್ಬೇಕು ನೀನು. ಗಾಳಿ ಮಾತ್ರ ಬರೀಬ್ಯಾಡ."

ಇಳಿದು ಹೋಗಿ ಆ ಬಂಡೆಯ ಮೇಲೆ ಕೂತೆ. ನಾನು ಕಂಪನಿಯವಳಲ್ಲ ಎಂದು ತೋರಿಸುವ ಕಾಗದ ಯಾವುದೂ ನನ್ನಲ್ಲಿರಲಿಲ್ಲ. ಅವರಿಗೋ ಬೇರೆ ಗುಡ್ಡವಿರಲಿಲ್ಲ. ಆ ಬಂಡೆಯ ಬೆನ್ನಿಗೇ ಗುಡ್ಡ ಎದ್ದಿರುವುದರಿಂದ ಅಲ್ಲಿಂದ ಪಡುವಣ ಕಾಣುವುದಿಲ್ಲ. ಸೂರ್ಯ ಮುಳುಗುವುದನ್ನು ಬರೆಯದೆ ಇಂದಿಗೆ ಹನ್ನೊಂದು ದಿನ.